ಉಪಚಾರದ ಮಾತು ಮತ್ತು ಜಲಜಕ್ಕನ ಬೋಟು

ಹೋದ ವಾರ ಸುರತ್ಕಲ್ಲಿನಿಂದ ಬರುವಾಗ ಕೂಳೂರು ಸೇತುವೆಯ ಮೇಲೆ ಬಸ್ಸು ನಿಂತಿತು. ಎದುರಿಗೆ ಲಾರಿ, ಹಿಂದೆ ಟ್ಯಾಂಕರು, ಪಕ್ಕದಲ್ಲಿ ಹಾರ್ನು ಒತ್ತಿದರೆ ಸೇತುವೆ ಅಗಲವಾಗುತ್ತದೆಂದು ನಂಬಿದ ಒಬ್ಬ ಕಾರಿನವ. ಕಂಡಕ್ಟರು ಇಳಿದು ಹೋಗಿ ನೋಡಿ ಬಂದು, “ಎಂತ ಇಲ್ಲ, ಸುಮ್ಮನೆ ನಿಂತದ್ದು” ಎಂದು ವರದಿ ಒಪ್ಪಿಸಿದ. ಅಷ್ಟರಲ್ಲಿ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಬೋಟಿನ ಮೈಗೆ ಫೈಬರ್ ಹಚ್ಚುವ ಅಂಟಿನ ವಾಸನೆ, ಅದರ ಮೇಲೆ ಹೊಸ ಪೇಂಟಿನದ್ದು, ಎಲ್ಲದರ ಅಡಿಯಲ್ಲಿ ಹೊಳೆಯ ಕೆಸರಿನದ್ದು. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಎರಡು ವರ್ಷದ ಹಿಂದೆ ಒಂದು ಇಡೀ ಮಳೆಗಾಲ ನನ್ನ ಅಂಗಿಗೆ ಇದೇ ವಾಸನೆ ಇತ್ತು.

ಹಾಗೆಂದು ನಾನು ಬೋಟು ರಿಪೇರಿಯವನಲ್ಲ. ನಮ್ಮದು ಉಳ್ಳಾಲದ ಕಡಲಿನ ಮನೆ. ಅಪ್ಪ ಮೀನು ಹಿಡಿಯಲು ಹೋದರು, ಅಣ್ಣ ಮೀನು ಮಾರಲು ಹೋದ, ನಾನು ಸರಕಾರಿ ಕಚೇರಿಗೆ ಹೋದೆ. ಮನೆಯಲ್ಲಿ ಇದನ್ನು ಏಳಿಗೆ ಎಂದು ಕರೆಯಲಾಯಿತು. ಮೂವತ್ತನಾಲ್ಕು ವರ್ಷ ನಾನು ಕರಡು ಬರೆದೆ: ಸುತ್ತೋಲೆ, ಜ್ಞಾಪನ, ಹಿಂಬರಹ. ನನ್ನ ಒಂದು ವಾಕ್ಯದಿಂದಲೂ ಯಾರೂ ಸಿಕ್ಕಿಬಿದ್ದದ್ದಿಲ್ಲ. ನಾನಂತೂ ಬಿದ್ದದ್ದೇ ಇಲ್ಲ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದರೆ ಕ್ರಮ ಯಾವುದು, ಕೈ ಯಾರದು, ಯಾವಾಗ ಎಂಬ ಮೂರನ್ನೂ ಓದುವವನೇ ಊಹಿಸಿಕೊಳ್ಳಬೇಕು. ಈ ವಿದ್ಯೆಯಲ್ಲಿ ಜಿಲ್ಲೆಯಲ್ಲಿ ನನಗೆ ಸಮಾನರು ಕಡಿಮೆ ಇದ್ದರು. ಆ ಗೌರವದೊಂದಿಗೇ ನಿವೃತ್ತನಾದೆ.

ಫಳ್ನೀರಿನಲ್ಲಿ ನಾವಿರುವ ಕಟ್ಟಡದ ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಅವರ ಮೇಲೆ ಶಮೀಮಾಳ ಆಫೀಸು. ಶಮೀಮಾ ಉಳ್ಳಾಲದ ಬ್ಯಾರಿಗಳ ಮನೆಯ ಹುಡುಗಿ. ತಂದೆ ಬಟ್ಟೆ ಅಂಗಡಿಯವರು, ಅಣ್ಣಂದಿರು ದುಬಾಯಿಯಲ್ಲಿ. ಇವಳು ಮಾತ್ರ ಇಲ್ಲೇ ಮೂರು ಕಂಪ್ಯೂಟರು ಹಾಕಿಕೊಂಡು ಸಾಫ್ಟ್‌ವೇರ್ ಕಂಪೆನಿ ತೆರೆದಿದ್ದಳು. ಜೂನಿನ ಮೊದಲ ಮಳೆಯ ದಿನ ಮೆಟ್ಟಿಲಲ್ಲಿ ಸಿಕ್ಕಿ ಕೇಳಿದಳು.

“ಸರ್, ನೀವು ಸುಮ್ಮನೆ ಕೂತಿದ್ದೀರಲ್ಲ, ನನಗೆ ಸ್ವಲ್ಪ ಬರೆದು ಕೊಡ್ತೀರಾ? ಕನ್ನಡದಲ್ಲಿ.”

“ಸುಮ್ಮನೆ ಕೂತುಕೊಳ್ಳುವುದು ಅಷ್ಟು ಸುಲಭ ಅಂತ ತಿಳ್ಕೊಂಡಿದ್ದೀಯಾ? ಎಂತ ಬರೀಬೇಕು?”

“ಟೂಲುಗಳ ವಿವರಣೆ. ಓದುವುದು ಏಜೆಂಟ್.”

ಏಜೆಂಟ್ ಎಂದರೆ ನನ್ನ ತಿಳಿವಳಿಕೆಯಲ್ಲಿ ವಿಮೆ ಮಾಡಿಸುವವ, ಅಥವಾ ಬಸ್‌ಸ್ಟ್ಯಾಂಡಿನಲ್ಲಿ ‘ಉಡುಪಿ ಉಡುಪಿ’ ಎಂದು ಕೂಗುವವ. ಇದು ಅವೆರಡೂ ಅಲ್ಲವಂತೆ. ಜನ ಕಳಿಸಿದ ಸಂದೇಶವನ್ನು ಓದಿ, ಅವರಿಗೆ ಬೇಕಾದದ್ದೇನೆಂದು ತಾನೇ ಯೋಚಿಸಿ, ಕೈಗೆ ಕೊಟ್ಟ ಟೂಲುಗಳಲ್ಲಿ ಒಂದನ್ನು ಆರಿಸಿ ಕೆಲಸ ಮುಗಿಸುವ ಒಂದು ಪ್ರೋಗ್ರಾಮು. ಟೂಲು ಎಂದರೆ ಒಂದೊಂದೇ ಕೆಲಸ ಮಾಡುವ ಚಿಕ್ಕ ಚಿಕ್ಕ ಪ್ರೋಗ್ರಾಮುಗಳು: ಒಂದು ಪಟ್ಟಿ ನೋಡುತ್ತದೆ, ಒಂದು ಪಟ್ಟಿ ಬದಲಿಸುತ್ತದೆ, ಒಂದು ಸಂದೇಶ ಕಳಿಸುತ್ತದೆ. ಏಜೆಂಟಿಗೆ ಟೂಲಿನ ಒಳಗೆ ಏನಿದೆಯೆಂದು ಕಾಣುವುದಿಲ್ಲ. ಪ್ರತಿಯೊಂದಕ್ಕೂ ಅಂಟಿಸಿದ ನಾಲ್ಕು ಸಾಲಿನ ವಿವರಣೆಯನ್ನು ಓದಿಯೇ ಅದು ನಿರ್ಧಾರ ಮಾಡಬೇಕು.

“ಅಂದರೆ ಹೊಸತಾಗಿ ಬಂದ ಗುಮಾಸ್ತ,” ಎಂದೆ.

“ಹೌದು ಸರ್. ತುಂಬಾ ಓದಿದವ, ತುಂಬಾ ಫಾಸ್ಟ್, ಆದ್ರೆ ಊರಲ್ಲಿ ಯಾರ ಪರಿಚಯವೂ ಇಲ್ಲ. ನೀವು ಬರೆದದ್ದನ್ನು ಅವ ಬರೆದ ಹಾಗೇ ನಂಬ್ತಾನೆ.”

ಮೂವತ್ತನಾಲ್ಕು ವರ್ಷದಲ್ಲಿ ನನಗೆ ಅಂಥ ಓದುಗ ಒಬ್ಬನೂ ಸಿಕ್ಕಿರಲಿಲ್ಲ. ಆ ಸಂತೋಷದಲ್ಲಿ ಒಪ್ಪಿಕೊಂಡೆ.

ಅವಳ ಗಿರಾಕಿ ಕೂಳೂರಿನ ಹಾಜಿಯವರು. ಸೇತುವೆಯಿಂದ ಸಮುದ್ರದ ದಿಕ್ಕಿಗೆ ಹೊಳೆಯ ದಡದಲ್ಲಿ ಅವರದ್ದು ಬೋಟು ರಿಪೇರಿಯ ಯಾರ್ಡು. ಮಳೆಗಾಲದಲ್ಲಿ ಎರಡು ತಿಂಗಳು ದೊಡ್ಡ ಬೋಟುಗಳು ಮೀನಿಗೆ ಹೋಗುವ ಹಾಗಿಲ್ಲ. ಆಗ ಎಲ್ಲ ಬೋಟುಗಳನ್ನು ದಡಕ್ಕೆ ಎಳೆದು ಹಲಗೆ, ಫೈಬರು, ಪೇಂಟು ಎಂದು ಮೈ ಸರಿಮಾಡಿಸುತ್ತಾರೆ. ಎಳೆಯುವುದು ಕಷ್ಟವಲ್ಲ, ಹಿಂದಕ್ಕೆ ಇಳಿಸುವುದು ಕಷ್ಟ. ಅಮಾವಾಸ್ಯೆ ಇಲ್ಲವೆ ಹುಣ್ಣಿಮೆಯ ಆಚೀಚೆ ಭರತದ, ಅಂದರೆ ಕಡಲ ಉಬ್ಬರದ, ನೀರು ಸಾಕಷ್ಟು ಏರಿದಾಗಲೇ ಇಳಿಸಬೇಕು, ಅದೂ ದಿನಕ್ಕೆ ಎರಡು ಬೋಟು ಮಾತ್ರ. ಆ ವರ್ಷದ ಲೆಕ್ಕ ಹೀಗಿತ್ತು: ಅಮಾವಾಸ್ಯೆಯ ನೀರಿನಲ್ಲಿ ಇಳಿದವರು ನಿಷೇಧ ಮುಗಿದ ದಿನವೇ ಕಡಲಿಗೆ ಹೋಗಬಹುದು. ಹುಣ್ಣಿಮೆಗೆ ಬಿದ್ದವರು, ಬೇರೆಯವರೆಲ್ಲ ಮೀನು ತಂದು ಹಾಕುವುದನ್ನು ದಡದಲ್ಲಿ ನಿಂತು ನೋಡಬೇಕು.

ಹಾಗಾಗಿ ಸರದಿ ಎಂಬುದು ಅಲ್ಲಿ ಪ್ರಾಣದಷ್ಟು ದೊಡ್ಡ ವಿಷಯ. ಹಿಂದಿನ ವರ್ಷ ಹಾಜಿಯವರು ಯಾರಿಗೋ ಪಕ್ಷಪಾತ ಮಾಡಿದರೆಂದು ಗಲಾಟೆಯಾಗಿತ್ತು. ಹಾಜಿಯವರು ಐದು ಹೊತ್ತಿನ ನಮಾಜಿನ ಮನುಷ್ಯ. ಆ ಮಾತು ಅವರಿಗೆ ಮುಳ್ಳಿನಂತೆ ನಟ್ಟಿತ್ತು. ಈ ವರ್ಷ ಎಲ್ಲ ಮಾಲೀಕರನ್ನೂ ಕೂರಿಸಿ ಅವಲಕ್ಕಿ ಚಾ ಕೊಟ್ಟು ಘೋಷಿಸಿಬಿಟ್ಟರು: “ಸರದಿಯ ಮೇಲೆ ಈ ವರ್ಷ ನನ್ನ ಕೈ ಇಲ್ಲ. ಮಿಶನ್ ಬರೀತದೆ, ಮಿಶನ್ ಹೇಳ್ತದೆ. ನಾನು ಮುಟ್ಟಿದ್ರೆ ಕೇಳಿ.”

ಮಾಲೀಕರ ಮೊಬೈಲ್ ಗುಂಪಿನಲ್ಲಿ ಶಮೀಮಾಳ ಏಜೆಂಟನ್ನೂ, ಅದರ ಬೆನ್ನಿಗೆ ನಮ್ಮಿಬ್ಬರನ್ನೂ ಸೇರಿಸಲಾಯಿತು. ಅವಳು ಅದಕ್ಕೆ ‘ಸಹಾಯಕ’ ಎಂಬ ಚೆಂದದ ಹೆಸರು ಇಟ್ಟಿದ್ದಳು. ಎಲ್ಲರೂ ಹಾಜಿಯವರ ಹಾಗೆ ಮಿಶನ್, ಅಂದರೆ ಯಂತ್ರ, ಎಂದೇ ಕರೆದರು.

ನನ್ನ ಮೊದಲ ವಿವರಣೆಗಳು ಭಾಷೆಯ ದೃಷ್ಟಿಯಿಂದ ನಿರ್ದುಷ್ಟವಾಗಿದ್ದವು. ‘ನೀರಿನ ಮಟ್ಟ’ ಎಂಬ ಟೂಲಿಗೆ ‘ಸದರಿ ದಿನಾಂಕದ ಜಲಮಟ್ಟವನ್ನು ಒದಗಿಸತಕ್ಕದ್ದು’ ಎಂದು ಬರೆದೆ. ಮರುದಿನ ಏಜೆಂಟು ಒಬ್ಬ ಮಾಲೀಕರಿಗೆ ‘ಶುಕ್ರವಾರ ನೀರು ಎರಡು ಇರುತ್ತದೆ’ ಎಂದು ತಿಳಿಸಿತು. “ಎರಡು ಎಂತದು? ಎರಡು ಕೊಡಪಾನವಾ?” ಎಂದು ಅವರು ಗುಂಪಿನಲ್ಲಿ ಕೇಳಿದರು. ಮೀಟರು ಎಂದು ನಾನು ಬರೆದಿರಲಿಲ್ಲ. ಮೀಟರೆಂದು ಯಾರಿಗೆ ಗೊತ್ತಿಲ್ಲ?

“ಅವನಿಗೆ ಗೊತ್ತಿಲ್ಲ ಸರ್,” ಎಂದಳು ಶಮೀಮಾ.

ಇನ್ನೆರಡು ಟೂಲುಗಳಿಗೆ ನಾನು ಕೊಟ್ಟ ವಿವರಣೆ ಅವಳಿ ಮಕ್ಕಳ ಹಾಗಿತ್ತು: ಒಂದು ‘ಬೋಟಿನ ಮಾಹಿತಿ’, ಇನ್ನೊಂದು ‘ಬೋಟಿನ ವಿವರ’. ಒಂದರಲ್ಲಿ ರಿಪೇರಿ ಎಷ್ಟಾಯಿತೆಂದು ಇತ್ತು, ಇನ್ನೊಂದರಲ್ಲಿ ಮಾಲೀಕರ ಫೋನ್ ನಂಬರು. ಏಜೆಂಟು ಪಾಪ, ಒಮ್ಮೆ ಇದನ್ನು ತೆರೆಯುತ್ತಿತ್ತು, ಒಮ್ಮೆ ಅದನ್ನು. ಪೇಂಟು ಒಣಗಿತೇ ಎಂದು ಕೇಳಿದವರಿಗೆ ಅವರದೇ ನಂಬರನ್ನು ವಿನಯದಿಂದ ಒಪ್ಪಿಸುತ್ತಿತ್ತು. ಶಮೀಮಾ ನನ್ನನ್ನು ಎದುರು ಕೂರಿಸಿ, ಚಾ ಕೊಟ್ಟು, ಶಾಲೆಯ ಟೀಚರಿನಂತೆ ಹೇಳಿದಳು: ಇದು ಏನು ಮಾಡುತ್ತದೆ ಎಂದು ಮೊದಲು ಬರೆಯಿರಿ. ಯಾವಾಗ ಬೇಕು, ಅದಕ್ಕಿಂತ ಮುಖ್ಯ, ಯಾವಾಗ ಬೇಡ ಎಂದು ಬರೆಯಿರಿ. ಕೊನೆಗೆ ಕೈಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಹೇಳಿ.

“ಬೇಡ ಎಂಬುದನ್ನು ಎಷ್ಟು ಅಂತ ಬರೆಯುವುದು? ಪ್ರಪಂಚದಲ್ಲಿ ಬೇಡದ್ದೇ ಜಾಸ್ತಿ.”

“ತಪ್ಪು ಮಾಡ್ಲಿಕ್ಕೆ ಸಾಧ್ಯ ಇರುವಷ್ಟು ಬರೆಯಿರಿ ಸಾಕು.”

ಜುಲೈ ಹೊತ್ತಿಗೆ ನಾನು ಬಹುಮಟ್ಟಿಗೆ ಸುಧಾರಿಸಿದ್ದೆ. ವಾರಕ್ಕೆರಡು ಸಲ ಯಾರ್ಡಿಗೆ ಹೋಗಿ, ತಗಡಿನ ಮಾಡಿನ ಕೆಳಗೆ ಮಳೆಯ ಗದ್ದಲದಲ್ಲಿ ಹಾಜಿಯವರಿಂದ ಕೆಲಸದ ಕ್ರಮ ಕೇಳಿ ಬರೆದುಕೊಂಡು ಬರುತ್ತಿದ್ದೆ. ಹಳೆಯ ವಿವರಣೆಗಳನ್ನೆಲ್ಲ ಒಂದೊಂದಾಗಿ ಹೊಸತು ಮಾಡಿದೆ. ಒಂದನ್ನು ಬಿಟ್ಟು. ‘ಸರದಿ ಬಿಟ್ಟುಕೊಡು’ ಎಂಬ ಟೂಲು ಇಬ್ಬರು ಮಾಲೀಕರ ದಿನಗಳನ್ನು ಅದಲು ಬದಲು ಮಾಡುವಂಥದ್ದು. ಅದಕ್ಕೆ ಮೊದಲ ವಾರವೇ ನಾನು ಬರೆದದ್ದು ಹೀಗೆ: ‘ಯಾವುದೇ ಮಾಲೀಕರು ತಮ್ಮ ಸರದಿಯನ್ನು ಇತರರಿಗೆ ಬಿಟ್ಟುಕೊಡುವ ಇಚ್ಛೆಯನ್ನು ವ್ಯಕ್ತಪಡಿಸಿದಲ್ಲಿ ಇದನ್ನು ಬಳಸತಕ್ಕದ್ದು.’ ಓದಿ ನೋಡಿ, ಹಳೆಯ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಮುಟ್ಟಲು ಮನಸ್ಸು ಬರಲಿಲ್ಲ.

ಈಗ ಜಲಜಕ್ಕನ ವಿಷಯ. ಜಲಜಕ್ಕ ನಮ್ಮ ಉಳ್ಳಾಲದವರೇ. ನನ್ನ ಅಣ್ಣನ ಜೊತೆ ಮೀನಿನ ವ್ಯಾಪಾರದಲ್ಲಿದ್ದವರು. ಗಂಡ ತೀರಿಕೊಂಡ ಮೇಲೆ ಅವರ ಬೋಟನ್ನು ಮಾರುವಂತೆ ಎಲ್ಲರೂ ಬುದ್ಧಿ ಹೇಳಿದರು, ಇವರು ಮಾರಲಿಲ್ಲ. ಬೋಟು ನಡೆಸುವ ತಾಂಡೇಲ ಒಂಬತ್ತು ವರ್ಷದಿಂದ ಅವರಲ್ಲಿ ಇದ್ದವ. ಅವನ ಕೈಕೆಳಗಿನ ಏಳು ಜನ ಮಾತ್ರ ಬೇರೆ ಬೇರೆ ರಾಜ್ಯದವರು. ಯಾವ ಬೋಟು ಮೊದಲು ಹೊರಡುತ್ತದೋ ಅದನ್ನು ಹತ್ತುವವರು. ತಾಂಡೇಲ ಸ್ಪಷ್ಟವಾಗಿ ಹೇಳಿದ್ದ: “ಅಕ್ಕ, ಮೊದಲ ದಿನ ಬೋಟು ನೀರಲ್ಲಿದ್ರೆ ನಾನುಂಟು, ನನ್ನ ಜನ ಉಂಟು. ಇಲ್ಲದಿದ್ರೆ ಅವರನ್ನು ಹಿಡಿದಿಡ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಅವರು ಹೋದ್ರೆ ನಾನೊಬ್ಬ ಕೂತು ಎಂತ ಮಾಡ್ಲಿ?” ಜಲಜಕ್ಕನಿಗೆ ಅಮಾವಾಸ್ಯೆಯ ನೀರಿನ ಕೊನೆಯ ದಿನ, ಗುರುವಾರ, ಸರದಿ ಸಿಕ್ಕಿತ್ತು. ಅಲ್ಲಿಗೆ ಚಿಂತೆ ಇರಲಿಲ್ಲ.

ಲೋಕೇಶನದ್ದು ಪಟ್ಟಿಯಲ್ಲಿ ಕೊನೆಯ ಬೋಟು. ಇಂಜಿನಿನ ಕೆಲಸದಲ್ಲಿ ತಡವಾಗಿ ಯಾರ್ಡಿಗೆ ಬಂದವನು, ಹುಣ್ಣಿಮೆಗೆ ಬಿದ್ದಿದ್ದ. ಅವನ ಬೋಟಿನಲ್ಲಿ ಕೆಲಸಕ್ಕೆ ಇರುವವರು ಅವನ ತಮ್ಮಂದಿರೇ, ಬಿಟ್ಟು ಹೋಗುವವರಲ್ಲ. ಆದರೂ ಮೊದಲ ಹತ್ತು ಹನ್ನೆರಡು ದಿನದ ಮೀನು ಕೈತಪ್ಪುವುದೆಂದರೆ ಯಾರಿಗೂ ಸಂಕಟವೇ. ಮಂಗಳವಾರ ಮಧ್ಯಾಹ್ನ ಅವನು ಗುಂಪಿನಲ್ಲಿ ತನ್ನ ದುಃಖ ತೋಡಿಕೊಂಡ. ಜಲಜಕ್ಕ ಸಮಾಧಾನಕ್ಕೆ ಒಂದು ಧ್ವನಿಸಂದೇಶ ಹಾಕಿದರು: “ಬೇಜಾರು ಮಾಡ್ಬೇಡಿ ಲೋಕೇಶಣ್ಣ. ಬೇಕಾದ್ರೆ ನನ್ನ ಗುರುವಾರದ್ದು ನೀವೇ ತಕ್ಕೊಳ್ಳಿ, ನನ್ನದು ಹುಣ್ಣಿಮೆಗೆ ಆದ್ರೂ ಆದೀತು. ನಮಗೆಂತ ಅರ್ಜೆಂಟು?”

ಈ ಊರಿನಲ್ಲಿ ಹುಟ್ಟಿದವರಿಗೆ ಇದರ ಮುಂದಿನದ್ದನ್ನು ಹೇಳಬೇಕಾಗಿಲ್ಲ. ಲೋಕೇಶ ‘ಛೆ ಛೆ, ಎಂತ ಅಕ್ಕ, ಹಾಗೆಲ್ಲ ಮಾತಾಡ್ಬೇಡಿ’ ಎನ್ನಬೇಕು. ಜಲಜಕ್ಕ ‘ಇಲ್ಲ, ನಿಜವಾಗಿ’ ಎಂದು ಇನ್ನೊಮ್ಮೆ ಹೇಳಬೇಕು. ಲೋಕೇಶ ಇನ್ನೊಮ್ಮೆ ಬೇಡ ಎನ್ನಬೇಕು. ಆಮೇಲೆ ಇಬ್ಬರಿಗೂ ಹಿತವಾಗಿ, ಬೋಟುಗಳು ಇದ್ದಲ್ಲೇ ಇರಬೇಕು. ಊಟಕ್ಕೆ ಏಳಿ ಎಂದವರಿಗೆ ಈಗಷ್ಟೇ ಆಯಿತು ಎನ್ನುವುದಿಲ್ಲವೇ, ಹೊಟ್ಟೆ ಹಸಿದಿದ್ದರೂ? ಅದೇ ಶಾಸ್ತ್ರ.

ಏಜೆಂಟು ನಾಲ್ಕು ಸೆಕೆಂಡು ತೆಗೆದುಕೊಂಡಿತು. “ಜಲಜಾ ಅವರ ಇಚ್ಛೆಯಂತೆ ಸರದಿ ಬದಲಾಯಿಸಲಾಗಿದೆ. ಲೋಕೇಶ್: ಗುರುವಾರ. ಜಲಜಾ: ಹುಣ್ಣಿಮೆಯ ನೀರು. ಧನ್ಯವಾದಗಳು.”

ಲೋಕೇಶನ ಹೆಸರಿನ ಕೆಳಗೆ ‘ಬರೆಯುತ್ತಿದ್ದಾರೆ’ ಎಂದು ಬಂತು. ಹೋಯಿತು. ಮತ್ತೆ ಬಂತು. ಹತ್ತು ನಿಮಿಷ ಆ ಮನುಷ್ಯ ಬರೆಯುತ್ತಿದ್ದ. ನಮಗೆಲ್ಲ ಗೊತ್ತಿದ್ದ ಆ ‘ಛೆ ಛೆ’ ಬರಲೇ ಇಲ್ಲ.

ಬುಧವಾರ ಬೆಳಿಗ್ಗೆ ಶಮೀಮಾ ಮತ್ತು ನಾನು ಯಾರ್ಡಿಗೆ ಹೋಗುವಾಗ ಜಲಜಕ್ಕನ ಧ್ವನಿ ಗೇಟಿಗೇ ಕೇಳುತ್ತಿತ್ತು. ಅವರು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂಲದ ಖಾರ ಸ್ವಲ್ಪ ಕಡಿಮೆಯಾಗಿದೆ.

“ಹಾಜಿಯವರೇ, ನಾನು ಬಾಯಿಮಾತಿಗೆ ಹೇಳಿದ್ದು! ಒಬ್ಬ ಅಳುತ್ತಿದ್ರೆ ಎರಡು ಒಳ್ಳೆ ಮಾತು ಹೇಳ್ಬಾರ್ದಾ? ನಿಮ್ಮ ಮಿಶನ್ನಿಗೆ ತಾಯಿ ಇಲ್ವಾ, ಮನೆ ಇಲ್ವಾ, ನಾಲ್ಕು ಜನರ ಮಧ್ಯೆ ಬೆಳೆದದ್ದಲ್ವಾ?”

“ಇಲ್ಲ ಜಲಜಕ್ಕ,” ಎಂದರು ಹಾಜಿಯವರು, ನಿಜವಾದ ದುಃಖದಿಂದ.

“ತಾಂಡೇಲನಿಗೆ ಆಗಲೇ ಸುದ್ದಿ ಹೋಗಿದೆ. ಬೇರೆಯವರು ಕರೆದಾಯ್ತಂತೆ. ನಾಳೆ ಮಧ್ಯಾಹ್ನದವರೆಗೆ ಕಾಯ್ತೇನೆ ಅಂದಿದ್ದಾನೆ, ಅಷ್ಟೆ. ಒಂದು ಸಹಿ ಹಾಕಿ ಮೊದಲಿನ ಹಾಗೆ ಮಾಡ್ಲಿಕ್ಕೆ ನಿಮಗೆಂತ ಕಷ್ಟ?”

“ಹಿಂದಿನ ವರ್ಷದ ಹಾಗೆ ನಾನಿದ್ದಿದ್ರೆ ನೀವು ಹೇಳಿದ್ದಕ್ಕೆ ಆಯ್ತಾಯ್ತು ಅಂತ ತಲೆ ಆಡಿಸಿ, ಗುರುವಾರ ನಿಮ್ಮದೇ ಇಳಿಸ್ತಿದ್ದೆ. ಈಗ ನಾನು ಮುಟ್ಟುದಿಲ್ಲ ಅಂತ ಎಲ್ಲರೆದುರು ಹೇಳಿದ್ದೇನೆ. ನಿಮಗೋಸ್ಕರ ಮುಟ್ಟಿದ್ರೆ ನಾಳೆ ಇನ್ನೊಬ್ಬ ಬರ್ತಾನೆ. ಹೇಳಿ, ನಾನೆಂತ ಮಾಡ್ಲಿ?”

ಯಾರ್ಡಿನ ಆ ಕೊನೆಯಲ್ಲಿ ಲೋಕೇಶ ತನ್ನ ಬೋಟಿನ ಹೊಟ್ಟೆಗೆ ಪೇಂಟು ಹಚ್ಚುತ್ತಿದ್ದ. ಒಂದೇ ಜಾಗಕ್ಕೆ ಹಚ್ಚುತ್ತಿದ್ದ. ಹಾಜಿಯವರು ಕರೆದಾಗ ಕೈ ಒರೆಸಿಕೊಂಡು ಬಂದ. ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡದ್ದರಿಂದ ನಂಬುತ್ತೇನೆ. ಅವನು ಹತ್ತಿರ ಬಂದ ಕ್ಷಣವೇ ಜಲಜಕ್ಕನ ಮುಖದ ಸಿಟ್ಟು ಇಳಿದು ನಗು ಬಂತು.

“ಎಂತ ಲೋಕೇಶಣ್ಣ, ಪೇಂಟಿಂಗ್ ಜೋರು ನಡೀತಾ ಉಂಟಾ?”

“ಹೌದಕ್ಕ. ನಿಮ್ಮದು… ನಿಮಗೆ ತೊಂದರೆ ಆಯ್ತೇನೋ.”

“ಅಯ್ಯೋ, ಎಂತ ತೊಂದರೆ! ಇರ್ಲಿ ಬಿಡಿ. ನಿಮ್ಮದು ಇಳಿದ್ರೂ ಒಂದೇ, ನಮ್ಮದು ಇಳಿದ್ರೂ ಒಂದೇ.”

“ಬೇಕಾದ್ರೆ ನೋಡುವಾ ಅಕ್ಕ.”

“ನೋಡುವಾ ನೋಡುವಾ.”

ಲೋಕೇಶ ಬಂದಷ್ಟೇ ಬೇಗ ಹೋದ. ಅವನ ಬೆನ್ನು ತಿರುಗಿದ ಮೇಲೆ ಜಲಜಕ್ಕ ಒಂದು ಮರದ ದಿಮ್ಮಿಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಮಿಶನ್ನೇ ತೆಗೆದು ಬಿಸಾಡುವ,” ಎಂದರು ಹಾಜಿಯವರು. “ತಪ್ಪು ಅದರದ್ದು.”

ಶಮೀಮಾ ನೆಲ ನೋಡುತ್ತಾ ನಿಂತಿದ್ದಳು. ಅವಳಿಗೆ ತಪ್ಪು ಯಾರದೆಂದು ಗೊತ್ತಿತ್ತು, ನನಗೆ ಗೊತ್ತಿತ್ತು, ಅವಳು ಬಾಯಿ ಬಿಡುವುದಿಲ್ಲವೆಂದೂ ಗೊತ್ತಿತ್ತು. ನಿವೃತ್ತ ಹಿರಿಯರ ಮರ್ಯಾದೆ ತೆಗೆಯುವುದು ಅವರ ಮನೆಯಲ್ಲಿ ಕಲಿಸಿದ ವಿದ್ಯೆಯಲ್ಲ. ನಾನು ಸುಮ್ಮನಿದ್ದರೆ ತಪ್ಪು ಮಿಶನ್ನಿನ ಲೆಕ್ಕಕ್ಕೆ ಹೋಗುತ್ತಿತ್ತು. ಮಿಶನ್ನು ಮೇಲ್ಮನವಿ ಸಲ್ಲಿಸುವುದಿಲ್ಲ. ಕಚೇರಿಯಲ್ಲಿದ್ದಾಗ ಇದಕ್ಕಿಂತ ಅನುಕೂಲದ ಅಪರಾಧಿ ನನಗೆ ಎಂದೂ ದೊರೆತಿರಲಿಲ್ಲ.

“ತಪ್ಪು ಅದರದ್ದಲ್ಲ, ನನ್ನದು,” ಎಂದೆ. “ಇಚ್ಛೆ ಹೇಳಿದರೆ ಬದಲಿಸು ಅಂತ ನಾನು ಬರೆದದ್ದು. ಉಪಚಾರಕ್ಕೆ ಹೇಳಿದ್ದು ಇಚ್ಛೆ ಅಲ್ಲ ಅಂತ ಬರೆಯಲಿಲ್ಲ.”

ಜಲಜಕ್ಕ ತಲೆ ಎತ್ತಿದರು. “ನೀವಾ ವಾಸಣ್ಣ? ನೀವು ನಮ್ಮವರೇ ಅಲ್ವಾ? ನಿಮಗೆ ಗೊತ್ತಿರ್ಲಿಲ್ವಾ?”

ಗೊತ್ತಿತ್ತು. ನನ್ನ ತಾಯಿ ಬಾಗಿಲಿಗೆ ಬಂದವರಿಗೆಲ್ಲ ಇದ್ದ ಒಂದೇ ಹುರಿದ ಬಂಗುಡೆಯನ್ನು ಬಡಿಸುತ್ತೇನೆಂದು ಒತ್ತಾಯ ಮಾಡುತ್ತಿದ್ದರು, ಬಂದವರು ಅದು ಒಂದೇ ಇದೆಯೆಂದು ತಿಳಿದೇ ಬೇಡವೆನ್ನುತ್ತಿದ್ದರು. ಅಷ್ಟು ಗೊತ್ತಿದ್ದದ್ದರಿಂದಲೇ ಬರೆಯಬೇಕೆಂದು ಹೊಳೆಯಲಿಲ್ಲ. ಹೊರಗಿನ ಊರಿನವರು ಯಾರಾದರೂ ಆ ವಿವರಣೆ ಬರೆದಿದ್ದರೆ, ಬಹುಶಃ ಎರಡು ಬಾರಿ ಕೇಳಿ ಎಂದಾದರೂ ಬರೆಯುತ್ತಿದ್ದರು.

“ಹಾಜಿಯವರೇ,” ಎಂದೆ, “ನೀವು ಮುಟ್ಟಬೇಡಿ. ಮಿಶನ್ನೇ ಇಬ್ಬರನ್ನೂ ಸರಿಯಾಗಿ ಕೇಳಿದರೆ? ಇಬ್ಬರೂ ಒಪ್ಪಿ ಹಿಂದಕ್ಕೆ ಬದಲಿಸಿದರೆ ನಿಮ್ಮ ಮಾತಿಗೆ ಭಂಗವಿಲ್ಲ.”

ಹಾಜಿಯವರು ಗಡ್ಡ ಸವರಿದರು. “ಲೋಕೇಶ ಒಪ್ಪುವುದು ಬೇಡವಾ?”

“ಬೇಕು. ಅದನ್ನು ನಾನು ಬರೆದು ಮಾಡಿಸಲಿಕ್ಕೆ ಆಗುವುದಿಲ್ಲ.”

ಬುಧವಾರ ಮಧ್ಯಾಹ್ನ ಫಳ್ನೀರಿ‍ನಲ್ಲಿ ಕೂತು ನಾನು ಬರೆದದ್ದು ಇದು. ಜೀವಮಾನದಲ್ಲಿ ಇಷ್ಟು ಬೋಳಾದ ಕನ್ನಡವನ್ನು ನಾನು ಬರೆದಿರಲಿಲ್ಲ.

‘ಇಬ್ಬರು ಮಾಲೀಕರ ದಿನಗಳನ್ನು ಅದಲು ಬದಲು ಮಾಡುತ್ತದೆ. ಮಾಡಿದ ಮೇಲೆ ಇಬ್ಬರೂ ಒಪ್ಪದೆ ಹಿಂದಕ್ಕೆ ಬರುವುದಿಲ್ಲ. ಗುಂಪಿನಲ್ಲಿ ಆಡಿದ ಮಾತನ್ನು ನಂಬಿ ಇದನ್ನು ಬಳಸಬೇಡ. ಈ ಊರಿನಲ್ಲಿ ಜನ ಎದುರಿಗಿರುವವರಿಗೆ ಬೇಜಾರಾಗಬಾರದೆಂದು ತಮ್ಮದನ್ನು ಬಿಟ್ಟುಕೊಡುವ ಮಾತಾಡುತ್ತಾರೆ. ಅದು ಒಪ್ಪಿಗೆಯಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ, ಖಾಸಗಿಯಾಗಿ ಕೇಳು. ಅವರ ಬೋಟು ಈಗ ಯಾವ ದಿನ ಇಳಿಯಲಿದೆ, ಬದಲಾದರೆ ಯಾವ ದಿನ ಇಳಿಯುತ್ತದೆ, ಎರಡನ್ನೂ ಹೇಳು. ಇರಲಿ ಬಿಡಿ, ನೋಡುವಾ, ನಿಮಗೆ ಕಂಡ ಹಾಗೆ ಎಂಬಿವು ಉತ್ತರವಲ್ಲ. ಹೌದು ಅಥವಾ ಇಲ್ಲ ಎಂದು ಬರುವವರೆಗೆ ಸರದಿಯನ್ನು ಮುಟ್ಟಬೇಡ. ಒಬ್ಬರ ಉತ್ತರವನ್ನು ಇನ್ನೊಬ್ಬರಿಗೆ ಹೇಳಬೇಡ.’

“ಉದ್ದ ಆಯ್ತು ಸರ್,” ಎಂದಳು ಶಮೀಮಾ.

“ಮೊದಲಿನದ್ದು ಒಂದೇ ವಾಕ್ಯ ಇತ್ತು. ಅದರ ಫಲ ನೋಡಿದೆಯಲ್ಲ.”

ಅವಳು ಪರೀಕ್ಷೆಗೆ ಕೂತಳು. ತಾನೇ ಜಲಜಕ್ಕನಾಗಿ, ಲೋಕೇಶನಾಗಿ ನಾನಾ ವಿಧದ ಉಪಚಾರದ ಮಾತುಗಳನ್ನು ಬರೆದು ಕಳಿಸಿದಳು. ಮೊದಲ ಸುತ್ತಿನಲ್ಲಿ ಏಜೆಂಟು ಎಷ್ಟು ಹೆದರಿತ್ತೆಂದರೆ, ‘ನನ್ನ ಬೋಟು ಯಾವಾಗ ಇಳಿಯುತ್ತದೆ’ ಎಂದು ಕೇಳಿದ್ದಕ್ಕೂ ಹೌದೋ ಇಲ್ಲವೋ ಹೇಳಿ ಎಂದು ಪಟ್ಟು ಹಿಡಿಯಿತು. ‘ದಿನ ಬದಲಿಸುವ ಮಾತು ಬಂದಾಗ ಮಾತ್ರ, ಬರೀ ದಿನ ಕೇಳಿದವರಿಗೆ ಪಟ್ಟಿ ನೋಡಿ ಹೇಳಿದರೆ ಸಾಕು’ ಎಂದು ಸೇರಿಸಿದೆ. ಆಮೇಲೆ ಅದು ದಾರಿಗೆ ಬಂತು. ನಾಲ್ಕೂವರೆಗೆ ಹಳೆಯ ವಾಕ್ಯವನ್ನು ತೆಗೆದು ಹೊಸದನ್ನು ಹಾಕಿದಳು. ಜಲಜಕ್ಕ ಯಾರ್ಡಿನಿಂದಲೇ ಮಿಶನ್ನಿಗೆ ಕೇಳಿದರು: ಗುರುವಾರದ ನನ್ನ ದಿನ ನನಗೆ ವಾಪಸು ಬೇಕು.

ಏಜೆಂಟು ಇಬ್ಬರಿಗೂ ಪ್ರತ್ಯೇಕವಾಗಿ ಬರೆಯಿತು. ಪರದೆಯ ಮೇಲೆ ಅದು ಬರೆದದ್ದೂ ಅವರು ಉತ್ತರಿಸಿದ್ದೂ ನಮಗೆ ಕಾಣುತ್ತಿತ್ತು. ಜಲಜಕ್ಕನ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು: “ಹೌದು ಹೌದು ಹೌದು.”

ಲೋಕೇಶನಿಗೆ ಹೋದದ್ದು: “ಈಗ ನಿಮ್ಮ ಬೋಟು ನಾಳೆ ಗುರುವಾರ ಇಳಿಯುತ್ತದೆ. ಬದಲಿಸಿದರೆ ಜಲಜಾ ಅವರ ಬೋಟು ನಾಳೆ ಇಳಿಯುತ್ತದೆ, ನಿಮ್ಮದು ಹುಣ್ಣಿಮೆಯ ನೀರಿನಲ್ಲಿ ಇಳಿಯುತ್ತದೆ. ನಿಮಗೆ ಒಪ್ಪಿಗೆಯೇ? ಹೌದು ಅಥವಾ ಇಲ್ಲ ಎಂದು ತಿಳಿಸಿ.”

ಲೋಕೇಶ: “ನೋಡುವಾ.”

“ನಾಳೆ ಮಧ್ಯಾಹ್ನದ ಭರತಕ್ಕೆ ಮೊದಲು ತಿಳಿಯಬೇಕು. ಹೌದು ಅಥವಾ ಇಲ್ಲ ಎಂದು ತಿಳಿಸಿ.”

ಲೋಕೇಶ: “ಅಕ್ಕ ಎಂತ ಹೇಳಿದ್ರು?”

“ಅವರ ಉತ್ತರವನ್ನು ನಾನು ಹೇಳುವ ಹಾಗಿಲ್ಲ. ನಿಮ್ಮ ಉತ್ತರ ಬೇಕು.”

ಲೋಕೇಶ ಎರಡು ಕೈ ಮುಗಿದ ಚಿತ್ರ ಕಳಿಸಿದ. ಅದನ್ನು ಏನು ಮಾಡಬೇಕೆಂದು ನಾನು ಬರೆದಿರಲಿಲ್ಲ. ಶಮೀಮಾ ನನ್ನ ಮುಖ ನೋಡಿದಳು. ಏಜೆಂಟು ಎರಡು ಸೆಕೆಂಡು ಯೋಚಿಸಿ, ಪುನಃ ಅದೇ ಪ್ರಶ್ನೆಯನ್ನು ಅಷ್ಟೇ ಸೌಜನ್ಯದಿಂದ ಕೇಳಿತು.

ಕೆಳಗೆ ಹಲ್ಲಿನ ಡಾಕ್ಟರ ಯಂತ್ರ ಕೊರೆಯುವ ಸದ್ದು ಕೇಳುತ್ತಿತ್ತು. ‘ಬರೆಯುತ್ತಿದ್ದಾರೆ’ ಬಂತು, ಹೋಯಿತು. ಶಮೀಮಾ ತಂದಿಟ್ಟ ಚಾ ತಣ್ಣಗಾಯಿತು. ಅವನು ಇಲ್ಲ ಎಂದರೂ ತಪ್ಪೇನೂ ಇರಲಿಲ್ಲ. ಅವನು ಯಾರದ್ದನ್ನೂ ಕಸಿದುಕೊಂಡವನಲ್ಲ, ಕೊಟ್ಟದ್ದನ್ನು ಬೇಡವೆನ್ನಲು ಮರೆತವನು. ಐದೂ ಮುಕ್ಕಾಲಿಗೆ ಬಂತು: “ಹೌದು. ಅವರದ್ದೇ ಇಳಿಯಲಿ.”

ಪಟ್ಟಿ ತಿರುಗಿ ಕೂತಿತು. ಶಮೀಮಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಾನು ತಣ್ಣಗಿನ ಚಾ ಕುಡಿದೆ.

ಗುರುವಾರ ಮಳೆ ಒಂದು ಗಂಟೆ ಬಿಡುವು ಕೊಟ್ಟಿತು. ಹೊಳೆ ದಡದ ಕಲ್ಲಿನವರೆಗೆ ಏರಿ ನಿಂತಿತ್ತು. ಜಲಜಕ್ಕನ ಬೋಟಿನ ಮೂತಿಗೆ ಹೂಮಾಲೆ ಹಾಕಿ ತೆಂಗಿನಕಾಯಿ ಒಡೆದರು. ಗ್ರೀಸು ಹಚ್ಚಿದ ಮರಗಳ ಮೇಲೆ ಅದನ್ನು ಜಾರಿಸಲು ಇಪ್ಪತ್ತು ಜನ ಹಗ್ಗ ಹಿಡಿದಿದ್ದರು. ತಾಂಡೇಲ ಮೇಲೆ ಹತ್ತಿ ನಿಂತಿದ್ದ, ಅವನ ಏಳು ಜನರೂ ಅವನ ಹಿಂದೆ. ಹಗ್ಗ ಹಿಡಿದವರಲ್ಲಿ ಲೋಕೇಶ ಮತ್ತು ಅವನ ಇಬ್ಬರು ತಮ್ಮಂದಿರು ಮುಂದೆಯೇ ಇದ್ದರು. ಕರೆಯದೆ ಬಂದವರು. ಇಲ್ಲಿ ಹಗ್ಗಕ್ಕೆ ಯಾರನ್ನೂ ಕರೆಯುವುದಿಲ್ಲ.

ಕೂಗು ಹಾಕಿ ಎಳೆದರು. ಬೋಟು ಒಮ್ಮೆ ನರಳಿತು, ಜಾರಿತು, ನೀರಿಗೆ ಬಿದ್ದು ಎರಡು ಸಲ ಓಲಾಡಿ ನೆಟ್ಟಗಾಯಿತು. ಜಲಜಕ್ಕ ದಡದಲ್ಲಿ ನಿಂತು, ಯಾರ ಕಡೆಗೂ ನೋಡದೆ, ತಾಂಡೇಲನಿಗೆ ಹಗ್ಗ ಸರಿಯಾಗಿ ಕಟ್ಟುವುದು ಹೇಗೆಂದು ಜೋರಾಗಿ ಬಯ್ಯತೊಡಗಿದರು. ಅವನು ಒಂಬತ್ತು ವರ್ಷದಿಂದ ಕಟ್ಟುತ್ತಿದ್ದ ಹಗ್ಗ.

ಲೋಕೇಶ ಅಂಗೈಯ ಗ್ರೀಸನ್ನು ಹುಲ್ಲಿಗೆ ಒರೆಸುತ್ತಾ ನನ್ನ ಹತ್ತಿರ ಬಂದ. “ಅಣ್ಣೆರೆ, ಆ ಪ್ರಶ್ನೆ ಬರೆದದ್ದು ನೀವಂತೆ.”

“ಹೌದು.”

“ಹಾಗೆ ಕೇಳ್ಬಾರ್ದು ಮಾರಾಯ್ರೆ. ಅಕ್ಕ ಎದುರಿಗೆ ಬಂದು ಕೇಳಿದ್ರೆ ಎಂತಾದ್ರೂ ಹೇಳಿ ತಪ್ಪಿಸ್ಕೊಳ್ತಿದ್ದೆ. ಅವರೂ ಕೇಳ್ತಿರ್ಲಿಲ್ಲ, ನಾನೂ ಹೇಳ್ತಿರ್ಲಿಲ್ಲ. ಗುರುವಾರ ತಾನಾಗಿ ನನ್ನದಾಗ್ತಿತ್ತು. ಆ ಮಿಶನ್ ನುಣುಚಿಕೊಳ್ಳಲಿಕ್ಕೆ ಜಾಗವೇ ಇಡಲಿಲ್ಲ.”

ಅವನು ಉತ್ತರಕ್ಕೆ ಕಾಯಲಿಲ್ಲ. ಬೋಟು ಇಳಿದು ಖಾಲಿಯಾದ ಜಾಗವನ್ನು ದಾಟಿ ತನ್ನ ಬೋಟಿನ ಹತ್ತಿರ ಹೋದ. ಮುನ್ನಾ ದಿನ ಒಂದೇ ಕಡೆ ಹಚ್ಚಿ ಹಚ್ಚಿ ದಪ್ಪವಾಗಿದ್ದ ನೀಲಿ ಪೇಂಟಿನ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ ತಗಡಿನ ಮಾಡಿನ ಕಡೆಗೆ ತಿರುಗಿ ಕೂಗಿದ:

“ಹಾಜಿಯವರೇ! ಹುಣ್ಣಿಮೆವರೆಗೆ ಬೇಕಾದಷ್ಟು ಟೈಮುಂಟು. ಇದನ್ನೆಲ್ಲ ಕೆರೆಸಿ ತೆಗೆಸಿ, ಮೊದಲಿಂದ ಸರಿಯಾಗಿ ಹಚ್ಚುವ.”